ಕ್ಯಾರಿಯರ್ ಹಿಡಿದವರು

ಈಜು ಬರುವುದಿಲ್ಲ ಎಂದು ಹೇಳಿಕೊಳ್ಳಲು ಯಾರೂ ನಾಚುವುದಿಲ್ಲ. ಹಾಡಲು ಬರುವುದಿಲ್ಲ ಎಂದರೆ ಜನ ಅದನ್ನು ವಿನಯ ಎಂದುಕೊಳ್ಳುತ್ತಾರೆ. ಆದರೆ ಸೈಕಲ್ ಬರುವುದಿಲ್ಲ ಎಂದು ಒಮ್ಮೆ ಹೇಳಿ ನೋಡಿ. ಎದುರಿಗಿದ್ದವರು ಒಂದು ಕ್ಷಣ ನಿಮ್ಮ ಕಾಲುಗಳ ಕಡೆ ನೋಡುತ್ತಾರೆ, ಎರಡೂ ಇವೆಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವವರಂತೆ. ನಲವತ್ತೇಳು ವರ್ಷ ನಾನು ಈ ನೋಟದಿಂದ ತಪ್ಪಿಸಿಕೊಂಡು ಬದುಕಿದೆ. ಹೈಸ್ಕೂಲಿನಲ್ಲಿ ನಾನು ಗಣಿತದ ಟೀಚರ್. ವೃತ್ತದ ಪರಿಧಿ ಎಂದರೇನು ಎಂಬುದನ್ನು ಪ್ರತಿವರ್ಷವೂ ಸೈಕಲ್ಲಿನ ಚಕ್ರವನ್ನೇ ಉದಾಹರಣೆ ಕೊಟ್ಟು ವಿವರಿಸುತ್ತೇನೆ. ಚಕ್ರ ಒಂದು ಸುತ್ತು ತಿರುಗಿದರೆ ಸೈಕಲ್ ಎಷ್ಟು ದೂರ ಹೋಗುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಅದರ ಮೇಲೆ ನೀವು ಕೂತರೆ ಎಷ್ಟು ದೂರ ಹೋಗುತ್ತದೆ ಮಿಸ್ ಎಂದು ಇಷ್ಟು ವರ್ಷದಲ್ಲಿ ಒಂದು ಮಗುವೂ ಕೇಳಿಲ್ಲ. ನಮ್ಮ ಕಡೆಯ ಮಕ್ಕಳಿಗೆ ಮರ್ಯಾದೆ ಜಾಸ್ತಿ.

ನಾನು ಹುಟ್ಟಿ ಬೆಳೆದದ್ದು ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ. ಅಲ್ಲಿ ನೀರು ಎಂದರೆ ಕೊಡದೊಳಗೆ ಇರುವ ವಸ್ತು. ಮದುವೆಯಾಗಿ ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಗೆ ಬಂದಾಗ ಮೊದಲ ಸಲ ಭದ್ರಾ ನಾಲೆಯನ್ನು ನೋಡಿದೆ. ಅಷ್ಟು ನೀರು ಉದ್ದಕ್ಕೆ ಮೈಚಾಚಿಕೊಂಡು, ಒಂದು ಚೂರೂ ಸದ್ದು ಮಾಡದೆ ಎಲ್ಲಿಗೋ ಹೊರಟಿತ್ತು. ಇಷ್ಟು ದೊಡ್ಡದೊಂದು ಸದ್ದಿಲ್ಲದೆ ನಡೆಯುತ್ತದೆ ಎಂದರೆ ಅದರ ಮನಸ್ಸಿನಲ್ಲಿ ಏನೋ ಇರಬೇಕು ಎಂದು ನನಗೆ ಆಗಲೇ ಅನ್ನಿಸಿತ್ತು. ಇಪ್ಪತ್ತು ವರ್ಷ ನಾಲೆಯ ಏರಿಯ ಕಡೆ ನಾನು ಸುಳಿಯಲಿಲ್ಲ. ಆಮೇಲೆ ಸಕ್ಕರೆ ಕಾಯಿಲೆ ಬಂತು. ಚನ್ನಗಿರಿಯ ಡಾಕ್ಟರು ನಡೆಯಿರಿ ಎಂದರು. ಮೊಣಕಾಲು ನೋವು ಎಂದೆ. ಹಾಗಾದರೆ ಸೈಕಲ್ ಹೊಡೆಯಿರಿ, ಮೊಣಕಾಲಿನ ಮೇಲೆ ಭಾರ ಬೀಳುವುದಿಲ್ಲ ಎಂದರು. ಪಕ್ಕದಲ್ಲಿ ಕೂತಿದ್ದ ನಮ್ಮ ಮನೆಯವರು ನಕ್ಕುಬಿಟ್ಟರು. ಇವರು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವರು. ಬೀಳುವ ವಸ್ತುಗಳ ಬಗ್ಗೆ ಇವರಿಗೆ ಮೊದಲಿನಿಂದಲೂ ಆಸಕ್ತಿ. ಆ ನಗು ಇಲ್ಲದಿದ್ದರೆ ನಾನು ಇವತ್ತಿಗೂ ಸೈಕಲ್ ಮುಟ್ಟುತ್ತಿರಲಿಲ್ಲ.

ನಮ್ಮ ಬಸ್ ಸ್ಟ್ಯಾಂಡಿನ ಹತ್ತಿರ ದಾದಾಪೀರ್ ಎಂಬುವರ ಸೈಕಲ್ ಷಾಪ್ ಇದೆ. ಮೂಲತಃ ಹೊನ್ನಾಳಿಯವರು. ಅಲ್ಲಿ ಗಂಟೆಗಿಷ್ಟು ಎಂದು ಬಾಡಿಗೆ ಸೈಕಲ್ ಕೊಡುತ್ತಿದ್ದ ಕಾಲದಲ್ಲಿ ಅರ್ಧ ಹೊನ್ನಾಳಿಗೆ ಸೈಕಲ್ ಕಲಿಸಿದವರು ತಾವೇ ಎಂದು ಹೇಳುತ್ತಾರೆ. ಉಳಿದರ್ಧ ಈಗಲೂ ನಡೆದೇ ಓಡಾಡುತ್ತಿದೆಯೋ ಏನೋ, ನಾನು ಕೇಳಿಲ್ಲ. ನನ್ನ ಕೋರಿಕೆಯನ್ನು ಅವರು ನಗದೆ ಕೇಳಿಸಿಕೊಂಡರು. "ರೋಡ್ನಾಗೆ ಕಲಿಯಾಕೆ ಆಗಲ್ಲ ಟೀಚರ್. ಟ್ರ್ಯಾಕ್ಟರ್ ಐತೆ, ಬಸ್ ಐತೆ, ಅವೆರಡಕ್ಕಿಂತ ಹೆಚ್ಚಾಗಿ ನಿಮ್ಮ ಸ್ಟೂಡೆಂಟ್ಸ್ ಅದಾರೆ. ಚಾನಲ್ ಏರಿ ಮ್ಯಾಲೆ ಹೋಗಾನ. ಬೆಳಗ್ಗೆ ಆರಕ್ಕೆ ಬರ್ರಿ," ಎಂದರು.

ಏರಿಯ ದಾರಿ ಕತ್ತಲಗೆರೆಯ ಕಡೆಗೆ ನೆಟ್ಟಗೆ ಹೋಗುತ್ತದೆ. ಬೆಳಗಿನ ಜಾವ ಎದ್ದು ಕತ್ತಲಗೆರೆಯ ದಿಕ್ಕಿಗೆ ಮುಖ ಮಾಡುವುದು ಒಳ್ಳೆಯ ಶಕುನವಲ್ಲ ಎಂದು ನನಗೆ ಅನ್ನಿಸಿದರೂ, ದಾರಿ ಮಾತ್ರ ಸಮತಟ್ಟಾಗಿತ್ತು. ಸಮತಟ್ಟು ಎನ್ನುವುದೊಂದನ್ನು ಬಿಟ್ಟರೆ ಅದರಲ್ಲಿ ಹೊಸಬರಿಗೆ ಅನುಕೂಲವಾದದ್ದು ಏನೂ ಇರಲಿಲ್ಲ. ಒಂದು ಕಡೆ ಜಾಲಿ ಮುಳ್ಳು ಭುಜ ಸವರುವಷ್ಟು ಬಾಗಿತ್ತು, ಇನ್ನೊಂದು ಕಡೆ ತಡೆಯಿಲ್ಲದ ನೀರು, ಮಧ್ಯೆ ಗುಂಡಿ. ಸ್ಟಾಫ್ ರೂಮಿನಲ್ಲಿ ಈ ಮಾತು ತೆಗೆದು, ಇನ್ಯಾರಿಗಾದರೂ ಸೈಕಲ್ ಬರುವುದಿಲ್ಲವೇ ಎಂದು ಕೇಳಿದೆ. ಎಲ್ಲರೂ ಬಾಗಿಲ ಕಡೆ ನೋಡಿದರು. ಎದ್ದು ಬಾಗಿಲು ಹಾಕಿದೆ. ಐದು ಕೈ ಮೇಲೆ ಬಂದವು. ಆ ಐದು ಕೈಗಳನ್ನು ನೋಡಿಯೇ ನನಗೆ ಈ ದಾರಿಯನ್ನು ಹೆಂಗಸರು, ಮಕ್ಕಳು, ಹೊಸದಾಗಿ ಕಲಿಯುವವರು ಧೈರ್ಯವಾಗಿ ಬರುವಂತೆ ಮಾಡಬೇಕು ಎಂಬ ಹುಚ್ಚು ಹತ್ತಿದ್ದು. ಕಾಲುವೆ ಕಚೇರಿಯವರು ಏರಿಯನ್ನು ಅಗೆಯುವಂತಿಲ್ಲ, ಮುಳ್ಳು ಬೇಕಾದರೆ ಕಡಿಯಿರಿ ಎಂದರು. ನಾವು ಪ್ರತಿ ಭಾನುವಾರ ಕಡಿದೆವು. ಗುಂಡಿಗಳಿಗೆ ಗರಸು ತುಂಬಿದೆವು. ನೀರಿನ ಅಂಚಿನಿಂದ ಮೂರು ಅಡಿ ಈಚೆಗೆ ಸಾಲಾಗಿ ಕಲ್ಲಿಟ್ಟು ಸುಣ್ಣ ಬಳಿದೆವು, ಇದನ್ನು ದಾಟಬೇಡಿ ಎನ್ನುವುದಕ್ಕೆ. ತೂಬಿನಿಂದ ಅತ್ತಿ ಮರದವರೆಗಿನ ಸುಮಾರು ಅರ್ಧ ಮೈಲಿ ಹೊಸಬರದು ಎಂದು ಗೊತ್ತುಮಾಡಿದೆವು. ಮೊದಲ ಹೊಸಬಳು ನಾನೇ ಆದೆ.

ಆ ದಿನ ಮಂಜು ಬಹಳ ಇತ್ತು. ನಾಲೆ ಕಾಣುತ್ತಿರಲಿಲ್ಲ, ನಾಲೆಯಿಂದ ಮೇಲೇಳುವ ತಂಪು ಮಾತ್ರ ಕಾಣುತ್ತಿತ್ತು ಎಂದು ಹೇಳಬಹುದಾದರೆ ಹಾಗೆ. ದಾದಾಪೀರ್ ಹಿಂದಿನಿಂದ ಕ್ಯಾರಿಯರ್ ಹಿಡಿದು, "ಮುಂದೆ ನೋಡ್ರಿ, ಕೆಳಗ್ ನೋಡಬ್ಯಾಡ್ರಿ, ತುಳೀತಾ ಇರ್ರಿ," ಎಂದರು. ತುಳಿದೆ. ಸೈಕಲ್ ಎರಡು ಸಲ ಹಾವಿನಂತೆ ಹೊರಳಿ ಆಮೇಲೆ ನೆಟ್ಟಗಾಯಿತು. ಹಿಂದೆ ಒಂದು ಹಿಡಿತ ಗಟ್ಟಿಯಾಗಿತ್ತು. ನಾನು ಬಲಕ್ಕೆ ವಾಲಿದರೆ ಎಡಕ್ಕೆ, ಎಡಕ್ಕೆ ವಾಲಿದರೆ ಬಲಕ್ಕೆ ಸಣ್ಣಗೆ ಎಳೆಯುತ್ತಿತ್ತು. ಗರಸಿನ ಮೇಲೆ ಓಡುವ ಕಾಲಿನ ಸಪ್ಪಳ ಕೇಳುತ್ತಿತ್ತು, ಒದ್ದೆ ಕಾಲಿನ ಸಪ್ಪಳ. ನನಗೆ ಭಯವಾದಾಗ ಮಾತು ಹೆಚ್ಚು. ಬಿಡಬೇಡಿ ದಾದಾಪೀರ್ ಎಂದೆ. ನನ್ನ ಮನೆಯವರು ನಕ್ಕ ವಿಷಯ ಹೇಳಿದೆ. ನಮ್ಮಪ್ಪ ಮೂವರು ಅಣ್ಣಂದಿರಿಗೂ ಸೈಕಲ್ ಕಲಿಸಿ ನನಗೆ ಮಾತ್ರ ಕಲಿಸಲಿಲ್ಲ ಎಂದೆ. ಈ ವಿಷಯ ನನ್ನನ್ನು ಇಷ್ಟು ಕೊರೆಯುತ್ತಿತ್ತು ಎಂದು ಹೇಳುವಾಗಲೇ ನನಗೆ ಗೊತ್ತಾಗಿದ್ದು. ಹಿಂದಿನಿಂದ ಉತ್ತರ ಬರಲಿಲ್ಲ. ಹಿಡಿತ ಮಾತ್ರ ಇನ್ನಷ್ಟು ಹತ್ತಿರವಾದಂತಾಯಿತು. ಅತ್ತಿ ಮರ ಮಂಜಿನಿಂದ ಹೊರಬಂದಾಗ ಕಾಲು ಊರಿ ನಿಂತು ಹಿಂದೆ ತಿರುಗಿದೆ. ಯಾರೂ ಇರಲಿಲ್ಲ.

ದಾದಾಪೀರ್ ಇದ್ದದ್ದು ಹೊರಟ ಜಾಗದಲ್ಲೇ. ನಾನು ಸೈಕಲ್ ತಳ್ಳಿಕೊಂಡು ವಾಪಸು ಬಂದಾಗ ತೂಬಿನ ಕಟ್ಟೆಯ ಮೇಲೆ ಕೂತು ಟೀ ಕುಡಿಯುತ್ತಿದ್ದರು. "ನಾನು ಮೂರು ತುಳಿತಕ್ಕೇ ಬಿಟ್ಟೆ ಟೀಚರ್. ಮೊಣಕಾಲು ಕೇಳಲಿಲ್ಲ. ಎಷ್ಟು ಚೆಂದ ಹೋದ್ರಿ," ಎಂದರು. ನಾನು ಅವರ ಕಾಲು ನೋಡಿದೆ. ಚಪ್ಪಲಿ ಒಣಗಿತ್ತು.

ಮನೆಯಲ್ಲಿ ಹೇಳಿದಾಗ ಇವರು ದೋಸೆ ತಿನ್ನುತ್ತಲೇ ವಿವರಣೆ ಕೊಟ್ಟರು. ತಿರುಗುವ ಚಕ್ರ ತಾನೇ ತಾನಾಗಿ ನೆಟ್ಟಗೆ ನಿಲ್ಲುತ್ತದೆಯಂತೆ. ಸಪ್ಪಳ ನನ್ನದೇ ಟೈರಿನದಂತೆ. ಹಿಡಿತ ಎನ್ನುವುದು ಕ್ಯಾರಿಯರಿನ ನಟ್ ಸಡಿಲವಾಗಿರುವ ಲಕ್ಷಣವಂತೆ. ನಾನು ಒಪ್ಪಿದೆ. ಒಂದು ಸಂಗತಿಯನ್ನು ಮಾತ್ರ ಇವರಿಗೆ ಹೇಳಲಿಲ್ಲ. ಓಡುವ ಸಪ್ಪಳದ ಜೊತೆಗೆ ಬಳೆಗಳ ಸದ್ದೂ ಇತ್ತು, ಗಾಜಿನ ಬಳೆಗಳದು. ನನ್ನ ಕೈಯಲ್ಲಿ ವಾಚು ಬಿಟ್ಟರೆ ಏನೂ ಇರಲಿಲ್ಲ. ದಾದಾಪೀರ್ ಬಳೆ ತೊಡುವುದಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಎರಡು ವಾರವಾದ ಮೇಲೆ ಹಿಂದಿ ಟೀಚರ್ ಸಾವಿತ್ರಿ ನನ್ನನ್ನು ಸ್ಟಾಫ್ ರೂಮಿನ ಮೂಲೆಗೆ ಕರೆದರು. ನಿವೃತ್ತಿಗೆ ಹತ್ತಿರವಾದವರು, ಮಿತಭಾಷಿ. ಅವತ್ತು ಮೇಲೆ ಬಂದ ಐದು ಕೈಗಳಲ್ಲಿ ಒಂದು ಅವರದು. "ಗಿರಿಜಾ, ದಾದಾಪೀರ್ ಒಳ್ಳೆ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಏರಿ ಮೇಲೆ ನನ್ನ ಹಿಂದೆ ಓಡಿಬಂದೋರು ಯಾರು?" ಎಂದು ಕೇಳಿದರು. ಯಾಕೆ ಎಂದೆ. ಸುತ್ತಮುತ್ತ ನೋಡಿ, "ಬಳೆ ಸದ್ದು ಬಂತು," ಎಂದರು. ನನಗೂ ಬಂತು ಎಂದೆ. ಆಮೇಲೆ ಅವರೇ, "ಬಿದ್ದೆನಾ ಅಂದ್ರೆ ಬೀಳ್ಲಿಲ್ಲ ಬಿಡು," ಎಂದು ಪೀರಿಯಡ್ಡಿಗೆ ಹೋದರು. ಮುಂದಿನ ತಿಂಗಳಲ್ಲಿ ಉಳಿದ ನಾಲ್ವರೂ ಒಬ್ಬೊಬ್ಬರಾಗಿ ಅದೇ ಮೂಲೆಗೆ ಬಂದರು.

ನಾಲೆಯ ತೂಬು ತೆಗೆದು ಮುಚ್ಚುವ ನೀರುಗಂಟಿ ಕೆಲಸ ಮಾಡಿ ನಿವೃತ್ತರಾದ ಹಾಲಪ್ಪನವರು ನಮ್ಮ ಜೊತೆ ಮುಳ್ಳು ಕಡಿಯಲು ಬರುತ್ತಿದ್ದರು. ಏರಿಯ ಒಂದೊಂದು ಏಡಿ ಬಿಲವೂ ಅವರಿಗೆ ಗುರುತು. ಕೊನೆಗೆ ಅವರನ್ನೇ ಕೇಳಿದೆ. ಕೊಡಲಿಯನ್ನು ಕೆಳಗಿಟ್ಟು, "ಬಳೆ ಸದ್ದು ಕೇಳಿಸ್ತೇನ್ರೀ?" ಎಂದರು. ಹೂಂ ಎಂದೆ. "ಹಂಗಾದ್ರೆ ಇನ್ನೂ ಐತೆ," ಎಂದು ನೀರಿನ ಕಡೆ ನೋಡಿದರು, ಬಹಳ ದಿನದಿಂದ ಕಾಗದ ಬಾರದಿದ್ದ ನೆಂಟರ ಸುದ್ದಿ ತಿಳಿದವರಂತೆ. "ನಾನು ಕೆಲಸಕ್ಕೆ ಸೇರಿದಾಗ ಸೈಕಲ್ ಇಲ್ದೆ ಈ ಕೆಲಸ ಮಾಡಾಕೆ ಆಗಲ್ಲ ಅಂದ್ರು. ನನಗೆ ಬರ್ತಿರಲಿಲ್ಲ. ಬರಲ್ಲ ಅಂದ್ರೆ ಕೆಲಸ ಹೋಗತೈತೆ ಅಂತ ಒಬ್ಬನೇ ಇಲ್ಲಿಗೆ ತಂದೆ. ಅವತ್ತೇ ಬಂತು ನೋಡ್ರಿ."

"ಯಾರು ಅದು ಹಾಲಪ್ಪ?" ಎಂದೆ.

"ಕೇಳಿಲ್ಲ. ಚಾನಲ್ ತೋಡಾಕೆ ಬಂದ ಹೆಣ್ಣಾಳು ಅಂತಾರೆ ಕೆಲವ್ರು. ಅದಕ್ಕೂ ಹಿಂದಿನದು ಅಂತಾರೆ ಕೆಲವ್ರು. ಹೆಸರು ಕೇಳಿದ್ರೆ ಎಲ್ಲಿ ಬಿಟ್ಟು ಹೋಗತೈತೋ ಅಂತ ನಾನು ಸುಮ್ಮನಾದೆ."

"ಹೆದರಿಕೆ ಆಗಲಿಲ್ಲವೇ?"

"ಆತು. ಬೀಳೋ ಹೆದರಿಕೆ ಹೋತಲ್ಲ, ಆ ಜಾಗದಾಗೆ ಇದನ್ನ ಇಟ್ಕಂಡೆ."

ಈಗ ಪ್ರಶ್ನೆ ಬಂದದ್ದು ಬೋರ್ಡಿನದು. ದಾರಿಯ ಮೊದಲಿಗೆ ಒಂದು ಬೋರ್ಡು ಹಾಕುವುದೆಂದು ಆಗಲೇ ನಿಶ್ಚಯವಾಗಿತ್ತು. ಹೊಸಬರಿಗೆ ಸ್ವಾಗತ, ಬಿಳಿ ಕಲ್ಲು ದಾಟಬೇಡಿ, ಮಕ್ಕಳನ್ನು ಒಳಬದಿಗೆ ಇಟ್ಟುಕೊಳ್ಳಿ ಎಂದು ನಾನು ಬರೆದೆ. ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಕಲಿಯುವವರು ಹಿಂದೆ ತಿರುಗಿದಾಗಲೇ ಆಯ ತಪ್ಪುವುದು ಎಂದು ದಾದಾಪೀರ್ ಹೇಳಿದರು, ಸಾವಿತ್ರಿ ಟೀಚರ್ ಬೇರೆ ಕಾರಣಕ್ಕೆ ತಲೆಯಾಡಿಸಿದರು, ನಾನು ಕೆಂಪು ಬಣ್ಣದಲ್ಲಿ ದಪ್ಪಗೆ 'ಹಿಂದೆ ತಿರುಗಿ ನೋಡಬೇಡಿ' ಎಂದು ಸೇರಿಸಿದೆ. ಮುಂದಿನ ಭಾನುವಾರ ನಾಲ್ಕು ಸಂಸಾರಗಳು ಬಂದವು. ಬೋರ್ಡಿನ ಮುಂದೆ ನಿಂತು ಓದಿದವು. ಒಂದು ಸಂಸಾರದ ಯಜಮಾನರು ಸಾವಕಾಶವಾಗಿ ಹಿಂದೆ ತಿರುಗಿ ನೋಡಿದರು. ನಾಲ್ಕೂ ಸಂಸಾರಗಳು ಹೋದವು. ನಾನು ಆ ಸಾಲಿನ ಮೇಲೆ ಬಿಳಿ ಬಣ್ಣ ಬಳಿದೆ. ಬಣ್ಣ ತೆಳುವಾಯಿತೋ ಏನೋ, ಬೆಳಗಿನ ಇಬ್ಬನಿ ಬಿದ್ದು ತೇವವಾದಾಗ ಒಳಗಿನಿಂದ ಆ ಅಕ್ಷರಗಳು ನಸುಗೆಂಪಾಗಿ ಮೇಲೆ ಬರುತ್ತಿದ್ದವು, ಬಿಸಿಲೇರಿದರೆ ಇಲ್ಲವಾಗುತ್ತಿದ್ದವು. ಮೊದಲು ಓದಿ ಹೆದರಿದವರು ನಾಲ್ಕು ಸಂಸಾರ, ಈಗ ಊರೇ ಬಂದು ನೋಡಿ ಹೆದರಿತು. ಜನರನ್ನು ಕರೆಯಲು ನಾನು ಹಾಕಿದ ಬೋರ್ಡಿನಷ್ಟು ಜನರನ್ನು ಓಡಿಸಿದ ವಸ್ತು ಆ ಏರಿಯ ಮೇಲೆ ಇನ್ನೊಂದಿಲ್ಲ.

ಹೀಗಿರುವಾಗ ನ್ಯಾಮತಿಯಿಂದ ನನ್ನ ನಾದಿನಿ ಸುಧಾ ಮಗಳು ಚಿನ್ಮಯಿಯನ್ನು ಕರೆದುಕೊಂಡು ಬಂದಳು. ಸುಧಾಳ ಬಗ್ಗೆ ಒಂದು ಮಾತು ಹೇಳಬೇಕು. ಮೂರು ವರ್ಷದ ಹಿಂದೆ ಗಂಡನ ಸ್ಕೂಟರಿನ ಹಿಂದೆ ಕೂತು ಹೋಗುವಾಗ ಅಪಘಾತವಾಗಿ ಆಕೆಯ ಕಾಲು ಮುರಿದಿತ್ತು. ಗಂಡನಿಗೆ ತರಚಿದ ಗಾಯ ಅಷ್ಟೆ. ಕಾಲು ಕೂಡಿಕೊಂಡಿತು, ಆದರೆ ಅಂದಿನಿಂದ ಸುಧಾ ಎರಡು ಚಕ್ರದ ಯಾವುದರ ಮೇಲೂ ಕೂತಿರಲಿಲ್ಲ. ಶಾಲೆಯ ದಿನಗಳಲ್ಲಿ ಸೈಕಲ್ಲಿನ ಮೇಲೆ ಗಾಳಿಯಂತೆ ಹೋಗುತ್ತಿದ್ದವಳು ಈಗ ಮಗಳು ಮನೆಯ ಅಂಗಳದಲ್ಲಿ ಸೈಕಲ್ ಹೊಡೆದರೂ ಒಳಗೆ ಹೋಗಿ ಕೂರುತ್ತಿದ್ದಳು. ಎಂಟು ವರ್ಷದ ಚಿನ್ಮಯಿ ಅಂಗಳದಲ್ಲೇ ಸುತ್ತಿ ಸುತ್ತಿ ಬೇಸತ್ತಿದ್ದಳು. "ಅತ್ತೆ, ನಿಮ್ಮೂರಿನ ದಾರಿ ನೆಟ್ಟಗಿದೆಯಂತೆ, ಹೌದಾ?" ಎಂದು ಬಂದವಳೇ ಕೇಳಿದಳು.

ನಾನು ಅವರನ್ನು ಕರೆದುಕೊಂಡು ಹೋಗಬಾರದಿತ್ತು ಎಂದು ಈಗ ಸುಲಭವಾಗಿ ಹೇಳಬಹುದು. ಹಿಂದಿನ ವಾರ ಮಳೆ ಸುರಿದಿತ್ತು, ನಾಲೆ ತುಂಬಿ ಹರಿಯುತ್ತಿತ್ತು, ಆ ಬೆಳಿಗ್ಗೆ ಮಂಜು ಕೂಡ ಇತ್ತು. ಆದರೆ ಬಂದ ನಾಲ್ಕು ಸಂಸಾರ ಓಡಿಹೋದ ಮೇಲೆ ನನಗೆ ಒಂದಾದರೂ ಸಂಸಾರ ಬೇಕಿತ್ತು. ಚಿನ್ಮಯಿ ತನ್ನ ಸಣ್ಣ ಸೈಕಲ್ ಮೇಲೆ, ನಾನು ಪಕ್ಕದಲ್ಲಿ ನನ್ನದರ ಮೇಲೆ. ಸುಧಾ ಮಾತ್ರ ದಾದಾಪೀರ್ ಕೊಟ್ಟ ಸೈಕಲ್ಲನ್ನು ಹತ್ತದೆ, ಎಮ್ಮೆ ಹೊಡೆದುಕೊಂಡು ಹೋಗುವವರಂತೆ ಅದರ ಪಕ್ಕ ನಡೆದು ಬರುತ್ತಿದ್ದಳು. "ನಾನು ತಳ್ಕೊಂಡೇ ಬರ್ತೀನಿ ಅತ್ತಿಗೆ, ನೀವು ಮಗೂನ ನೋಡ್ಕೊಳ್ಳಿ," ಎಂದಳು. ನಾನು ನೋಡಿಕೊಂಡೆ. ನೋಡಿಕೊಳ್ಳುತ್ತಿದ್ದೇನೆ ಎಂಬ ಹೆಮ್ಮೆಯಲ್ಲಿ ನನ್ನದೇ ಮುಂದಿನ ಚಕ್ರ ಗರಸಿನಲ್ಲಿ ಹೂತು ನಿಂತಿತು. ಇಳಿದು ಬಿಡಿಸಿಕೊಂಡು ತಲೆ ಎತ್ತುವಷ್ಟರಲ್ಲಿ ಚಿನ್ಮಯಿ ಮಂಜಿನೊಳಗೆ ಹೋಗಿಯಾಗಿತ್ತು. ಬೆಲ್ಲಿನ ಸದ್ದು ಮಾತ್ರ ದೂರವಾಗುತ್ತಿತ್ತು.

ಆಗ ಎದುರಿನಿಂದ ಹಾಲಪ್ಪನವರ ಕೂಗು ಕೇಳಿತು. "ಯಾರದು, ನಿಲ್ರೀ. ಏರಿ ಕುಸಿದೈತೆ, ನಿಲ್ರೀ."

ನಾನು ಹ್ಯಾಂಡಲ್ ಹಿಡಿದುಕೊಂಡೇ ನಿಂತಿದ್ದೆ. ಪಕ್ಕದಲ್ಲಿ ಏನೋ ಸುಯ್ಯೆಂದು ಹೋಯಿತು. ಅದು ಸುಧಾ. ಸೀರೆಯ ನೆರಿಗೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡು, ಸೀಟಿನ ಮೇಲೆ ಕೂರದೆ ನಿಂತೇ ತುಳಿಯುತ್ತ ಹೋದಳು. ನಾನು ಸೈಕಲ್ ಬಿಸಾಕಿ ಹಿಂದೆ ಓಡಿದೆ.

ಅತ್ತಿ ಮರಕ್ಕೆ ಇಪ್ಪತ್ತು ಹೆಜ್ಜೆ ಈಚೆಗೆ ನಮ್ಮ ಬಿಳಿ ಕಲ್ಲುಗಳು ಇರಲಿಲ್ಲ. ಅವು ಇದ್ದ ನೆಲವೂ ಇರಲಿಲ್ಲ. ಏಡಿ ಬಿಲಗಳಲ್ಲಿ ನೀರು ಹೊಕ್ಕು ಏರಿಯ ಒಂದು ಮಗ್ಗುಲು ಅರ್ಧಚಂದ್ರದಂತೆ ಕುಸಿದು, ಕೆಳಗೆ ನೀರು ಸದ್ದಿಲ್ಲದೆ ಸುತ್ತುತ್ತಿತ್ತು. ಅದರ ಅಂಚಿನಿಂದ ಒಂದು ಗೇಣು ಈಚೆಗೆ ಚಿನ್ಮಯಿಯ ಸೈಕಲ್ ನಿಂತಿತ್ತು. ಅವಳ ಎರಡೂ ಕಾಲು ಪೆಡಲಿನ ಮೇಲೇ ಇದ್ದವು. ಬ್ರೇಕ್ ಹಿಡಿದಿರಲಿಲ್ಲ. ಸಿಟ್ಟಿನಿಂದ ಮುಂದಕ್ಕೆ ತುಳಿಯಲು ನೋಡುತ್ತಿದ್ದಳು, ಸೈಕಲ್ ಕದಲುತ್ತಿರಲಿಲ್ಲ, ಬೀಳುತ್ತಲೂ ಇರಲಿಲ್ಲ. ಹಿಂದೆ ತಿರುಗದೆಯೇ, "ಬಿಡಿ ಅತ್ತೆ, ಯಾಕೆ ಹಿಡ್ಕೊಂಡಿದೀರಾ," ಎನ್ನುತ್ತಿದ್ದಳು. ನಾನು ಇನ್ನೂ ಹತ್ತು ಮಾರು ದೂರದಲ್ಲಿ ಓಡುತ್ತಿದ್ದೆ.

ಸುಧಾ ಸೈಕಲ್ಲನ್ನು ಹಾಗೇ ಕೆಡವಿ ಮಗಳನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿಕೊಂಡಳು. ಎತ್ತಿಕೊಂಡ ಮರುಕ್ಷಣ ಸಣ್ಣ ಸೈಕಲ್ ಒಂದು ಕಡೆ ವಾಲಿ ನೀರಿಗೆ ಬಿತ್ತು. ಹೆಚ್ಚು ಸದ್ದು ಮಾಡಲಿಲ್ಲ. ಆ ಕಡೆಯಿಂದ ಹಾಲಪ್ಪ ಏದುಸಿರು ಬಿಡುತ್ತ ಬಂದರು. ಚಿನ್ಮಯಿ ಸೈಕಲ್ಲಿಗಾಗಿ ಅಳುತ್ತಿದ್ದಳು. ಅವಳ ಸ್ವೆಟರಿನ ಬೆನ್ನು ಒಂದು ಮುಷ್ಟಿಯಗಲ ಹಿಗ್ಗಿ ಚೀಲದಂತೆ ಜೋತುಬಿದ್ದಿತ್ತು. ಮುಟ್ಟಿ ನೋಡಿದೆ, ಆ ಜಾಗ ಮಾತ್ರ ಒದ್ದೆ. ಹಾಲಪ್ಪನವರೂ ನೋಡಿದರು. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನೀರಿನ ಕಡೆ ಸ್ವಲ್ಪ ಬಾಗಿದರು.

ಮಗಳನ್ನು ಕೆಳಗಿಳಿಸದೆಯೇ ಸುಧಾ, "ಅತ್ತಿಗೆ, ನಾನು ಇಲ್ಲಿಗೆ ಹೆಂಗೆ ಬಂದೆ?" ಎಂದು ಕೇಳಿದಳು. ಕೆಳಗೆ ಬಿದ್ದಿದ್ದ ಸೈಕಲ್ ತೋರಿಸಿದೆ. ಅದರ ಹಿಂದಿನ ಚಕ್ರ ಇನ್ನೂ ತಿರುಗುತ್ತಿತ್ತು. ಆಕೆ ಅದನ್ನು ನೋಡಿದಳು, ತನ್ನ ಕಾಲು ನೋಡಿಕೊಂಡಳು, ಆಮೇಲೆ ಅಳಲು ಶುರುಮಾಡಿದಳು. ವಾಪಸು ಬರುವಾಗ ಮಗಳನ್ನು ಹಿಂದೆ ಕೂರಿಸಿಕೊಂಡು ಸೈಕಲ್ ಹೊಡೆದುಕೊಂಡೇ ಬಂದಳು. ಈಗ ನ್ಯಾಮತಿಯಲ್ಲಿ ತರಕಾರಿ ತರುವುದೂ ಸೈಕಲ್ ಮೇಲೇ.

ಕುಸಿದ ಜಾಗವನ್ನು ಕಾಲುವೆ ಕಚೇರಿಯವರು ಕಟ್ಟಿಸಿ ಬಲಪಡಿಸಿದರು. ನಾವು ಬಿಳಿ ಕಲ್ಲುಗಳನ್ನು ಇನ್ನೂ ಮೂರು ಅಡಿ ಒಳಕ್ಕೆ ತಂದು, ನೀರಿನ ಕಡೆ ಉದ್ದಕ್ಕೂ ಗೂಟ ಹೊಡೆದು ತಂತಿ ಎಳೆದೆವು. ಮಂಜಿರುವ ದಿನ ಮಕ್ಕಳಿಗೆ ದಾರಿ ಇಲ್ಲ. ಭಾನುವಾರ ಹಾಲಪ್ಪನವರು ಏರಿಯನ್ನು ಪೂರ್ತಿ ನಡೆದು ನೋಡಿ ಹೂಂ ಎಂದ ಮೇಲೆಯೇ ಯಾರಾದರೂ ಸೈಕಲ್ ಹತ್ತಬೇಕು. ಸುಧಾ ಬಂದಾಗಲೆಲ್ಲ ತನ್ನ ಕಥೆಯನ್ನು ಹೆಂಗಸರಿಗೆ ಹೇಳುತ್ತಾಳೆ. ಬೋರ್ಡು ನೋಡಿ ಓಡಿದ್ದ ಸಂಸಾರಗಳು ಒಂದೊಂದಾಗಿ ಹಿಂದಿರುಗಿದವು. ಈಗ ಕೆಲವು ಅಜ್ಜಿಯರೂ ಬರುತ್ತಾರೆ, ಕಲಿಯುವುದಕ್ಕಲ್ಲ, ಕಲಿಯುವವರನ್ನು ನೋಡಿ ನಗುವುದಕ್ಕೆ. ನಮ್ಮ ಮನೆಯವರಿಗೆ ಸ್ವೆಟರ್ ತೋರಿಸಿದೆ. ಉಲನ್ ಒದ್ದೆಯಾದರೆ ಹಿಗ್ಗುತ್ತದೆ ಎಂದು ಹೇಳಿ, ಒದ್ದೆ ಹೇಗಾಯಿತು ಎಂಬಲ್ಲಿಗೆ ಬಂದು ನಿಂತರು. ಮದುವೆಯಾದ ಮೇಲೆ ಇವರು ವಿವರಣೆಯ ನಡುವೆ ನಿಂತದ್ದು ಅದೇ ಮೊದಲು.

ಇನ್ನು ಉಳಿದದ್ದು ನನ್ನ ವಿಷಯ. ನನಗೆ ಈಗ ಸೈಕಲ್ ಚೆನ್ನಾಗಿ ಬರುತ್ತದೆ. ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ಇನ್ನೊಂದು ಕೈಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತೇನೆ. ಕಲಿತ ಮೇಲೆ ಗಮನಿಸಿದೆ: ಹಿಂದಿನ ಹಿಡಿತ ಇಲ್ಲ. ಸಪ್ಪಳ ಇಲ್ಲ. ಅರ್ಧ ಮೈಲಿ ಮಾತಾಡಿಕೊಂಡು ಹೋದರೂ ಕೇಳುವವರು ಇಲ್ಲ. ಮೊದಮೊದಲು ಒಳ್ಳೆಯದೇ ಆಯಿತು ಎಂದುಕೊಂಡೆ. ಆಮೇಲೆ ಯಾಕೋ ತಡೆಯಲಿಲ್ಲ. ಒಂದು ಬೆಳಿಗ್ಗೆ, ಯಾರೂ ಇಲ್ಲದ್ದನ್ನು ನೋಡಿಕೊಂಡು, ಬರದವಳಂತೆ ಹ್ಯಾಂಡಲ್ ಅಲ್ಲಾಡಿಸಿದೆ. ಏನೂ ಆಗಲಿಲ್ಲ. ಇನ್ನಷ್ಟು ಅಲ್ಲಾಡಿಸಿ, ಸ್ವಲ್ಪ ಗಾಬರಿಯ ದನಿಯನ್ನೂ ಸೇರಿಸಿದೆ. ಏರಿಯಿಂದ ಜಾರಿ ಒಳಬದಿಯ ಭತ್ತದ ಗದ್ದೆಗೆ ಸೈಕಲ್ ಸಮೇತ ಹೋಗಿ ಬಿದ್ದೆ.

ಗದ್ದೆಯ ಬದುವಿನ ಮೇಲೆ ಹಾಲಪ್ಪ ನಿಂತಿದ್ದರು. ಎಲ್ಲವನ್ನೂ ನೋಡಿದ್ದರು ಎಂದು ಅವರ ಮುಖವೇ ಹೇಳುತ್ತಿತ್ತು. ಕೈಕೊಟ್ಟು ಎತ್ತುತ್ತ ನಿಧಾನವಾಗಿ ಹೇಳಿದರು: "ಬರಲ್ಲ ಅಂತ ಬೀಳೋರ್ನ ಹಿಡೀಬೋದು ಟೀಚರ್. ಬರತೈತೆ ಅಂತ ಬೀಳೋರ್ನ ಯಾರು ಹಿಡಿಯಾಕೆ ಆಗತೈತೆ?"

ಮನೆಗೆ ಬಂದು ಬ್ರೇಕ್ ಕೈಕೊಟ್ಟಿತು ಎಂದೆ. ದಾದಾಪೀರರ ಮೊಣಕಾಲು ಪೂರ್ತಿ ಸೋತದ್ದರಿಂದ ಈಗ ಹೊಸಬರ ಹಿಂದೆ ಓಡುವ ಕೆಲಸ ನನ್ನದು. ಮೂರು ತುಳಿತದವರೆಗೆ ಕ್ಯಾರಿಯರ್ ಹಿಡಿದು ಓಡಿ, ಬಿಟ್ಟು ನಿಲ್ಲುತ್ತೇನೆ. ಅವರು ಹಿಂದೆ ನಾನೇ ಇದ್ದೇನೆ ಎಂದುಕೊಂಡು ತಮ್ಮ ಮನೆಯ ಕಷ್ಟಸುಖವನ್ನೆಲ್ಲ ಹೇಳಿಕೊಳ್ಳುತ್ತ ಹೋಗುತ್ತಾರೆ. ಅತ್ತಿ ಮರದ ಹತ್ತಿರದಿಂದ ಬಳೆ ಅಲುಗಿದ ಸದ್ದು ನನ್ನವರೆಗೂ ಬರುತ್ತದೆ. ಇಷ್ಟು ವಯಸ್ಸಾದ ಮೇಲೆ, ಅದೂ ಗಣಿತದ ಟೀಚರ್ ಆಗಿ, ಇಂಥದಕ್ಕೆ ಹೊಟ್ಟೆಕಿಚ್ಚು ಪಡಬಾರದು. ತೂಬಿನ ಕಟ್ಟೆಯ ಮೇಲೆ ಕೂತು, ಟೀ ಕುಡಿಯುತ್ತ, ಪಡುತ್ತೇನೆ.